ರಾಡಿಗೆ ತಕ್ಕ ರೀಲು

ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೆಡ್ ಕ್ಲರ್ಕು ಬೆಂಗಳೂರಿನಿಂದ ಮೀನು ಹಿಡಿಯುವ ರಾಡು ತಂದರು. ಆಮೇಲೆ ಮಗಳಿಗೆ ಗಂಡು ಹುಡುಕುವವರ ಹಾಗೆ ಬೇಸಿಗೆಯೆಲ್ಲಾ ಅದಕ್ಕೆ ದಾರ ಸುತ್ತುವ ರೀಲೊಂದನ್ನು ಹುಡುಕಿದರು. ಗೇಟಿನ ಬಳಿ ಯಾರು ಸಿಕ್ಕರೂ ಮಣಿಕಟ್ಟು ತಿರುಗಿಸಿ, ಇಲ್ಲದ ದಾರ ಸುತ್ತುತ್ತಾ, "ಜೋಡಿ ಕೂಡಿಬರ್ಬೇಕು ಕಣ್ರೀ" ಎನ್ನುತ್ತಿದ್ದರು. ಕೆರೆಯ ಕಡೆ ಮಾತ್ರ ಒಂದು ದಿನವೂ ಹೋಗಲಿಲ್ಲ.

ಕೊನೆಗೆ ರೀಲು ಬಂತು. ಆಯುಧಪೂಜೆಗೆ ಸ್ಕೂಟರಿನ ಪಕ್ಕ ಅದನ್ನೂ ಇಟ್ಟು, ಸಂದುಸಂದಿಗೂ ಗಂಧ ಮೆತ್ತಿ ಕುಂಕುಮ ಸುರಿದರು. ಒರೆಸಿದರೆ ದೋಷವಂತೆ. ಮುಂದಿನ ಭಾನುವಾರ ಹೆಂಡತಿಗೆ ಮಸಾಲೆ ಅರೆದಿಡಲು ಹೇಳಿ, ಸಾಕ್ಷಿಗೆಂದು ನನ್ನನ್ನೂ ಕುಣಿಗಲ್ ಕೆರೆಗೆ ಕರೆದೊಯ್ದರು.

ಮಧ್ಯಾಹ್ನದ ಹೊತ್ತಿಗೆ ಮೀನೊಂದು ಕಚ್ಚಿಯೇಬಿಟ್ಟಿತು. ರೀಲು ತಿರುಗಲಿಲ್ಲ. ಒಣಗಿದ ಗಂಧ ಅದನ್ನು ಗಾರೆಯಂತೆ ಹಿಡಿದಿತ್ತು. ಮೀನು ದಾರ ಕಿತ್ತುಕೊಂಡು ಹೋಯಿತು.

ಸಂಜೆ ನನ್ನನ್ನೂ ಊಟಕ್ಕೆ ಕೂರಿಸಿದರು. ಅವರ ಹೆಂಡತಿ ಅರೆದ ಮಸಾಲೆಗೆ ಮೊಟ್ಟೆ ಒಡೆದು ಹಾಕಿ ಸಾರು ಮಾಡಿದ್ದರು. "ಏನ್ರೀ ಆಯ್ತು ನಿಮ್ಮ ಮೀನು?" ಎಂದು ಬಡಿಸುತ್ತಲೇ ಕೇಳಿದರು.

ಹೆಡ್ ಕ್ಲರ್ಕು ಮುದ್ದೆ ಮುರಿಯುತ್ತಿದ್ದ ಕೈಯನ್ನೇ ತಿರುಗಿಸಿ ತೋರಿಸಿದರು. "ರಾಡು, ರೀಲು ಎರಡೂ ಸರಿಯಾಗೇ ಅವೆ ಕಣೇ. ಆ ಮೀನೇ ಕೂಡಿಬರ್ಲಿಲ್ಲ."