ಹಾಜಿರಕ್ಕ ಓದಿದ ಮದ್ದಿನ ಚೀಟಿ

ಹಾಜಿರಕ್ಕ ಯಾವ ಅರಬ್ಬಿ ಕಾಗದವನ್ನೂ ಸುಮ್ಮನೆ ಓದುತ್ತಿರಲಿಲ್ಲ. ಕೈ ತೊಳೆದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಗೆ ಒರಗದೆ ನೆಟ್ಟಗೆ ಕೂತು, ಬಲದಿಂದ ಎಡಕ್ಕೆ ಬೆರಳು ಓಡಿಸುತ್ತ ರಾಗವಾಗಿ ಓದುತ್ತಿದ್ದರು. ನಾನು ಬೆಳಿಗ್ಗೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಿಂದ ಅವರ ದನಿ ಬರುತ್ತಿತ್ತು. ಎಷ್ಟು ಚಂದದ ದನಿ ಅಂದರೆ, ಬತ್ತಿ ಹೊಸೆಯುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು.

"ಅದರ ಅರ್ಥ ಎಂತ ಹಾಜಿರಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಅಕ್ಷರ ಗೊತ್ತು, ಮಾತು ಗೊತ್ತಿಲ್ಲ ಸುಮಿ. ನಿನ್ನ ಮಂತ್ರದ್ದು ನಿಂಗೆ ಎಲ್ಲ ಗೊತ್ತದ್ಯಾ?"

ಗೊತ್ತಿರಲಿಲ್ಲ. ಸಣ್ಣವಳಿದ್ದಾಗಿನಿಂದ ಸಹಸ್ರನಾಮ ಹೇಳುತ್ತೇನೆ. ಹತ್ತು ಹೆಸರಿನ ಅರ್ಥ ಕೇಳಿದರೆ ತಡವರಿಸುತ್ತೇನೆ. "ಹಾಗಾದ್ರೆ ನಾವಿಬ್ಬರೂ ಒಂದೇ ಕ್ಲಾಸು" ಎಂದು ಅವರು ನಕ್ಕುಬಿಟ್ಟರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ತವರು ಕುಮಟಾ. ಮದುವೆಯಾಗಿ ಭಟ್ಕಳಕ್ಕೆ ಬಂದಿದ್ದೆ. ಮನೆಯವರು ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನಮ್ಮ ಹಿತ್ತಲಿಗೂ ಹಾಜಿರಕ್ಕನ ಹಿತ್ತಲಿಗೂ ನಡುವೆ ಚಿರೇಕಲ್ಲಿನ ಗೋಡೆ. ಅದರ ಒಂದು ಮೂಲೆ ಯಾವುದೋ ಮಳೆಗೆ ಕುಸಿದು ಒಬ್ಬರು ನುಸುಳುವಷ್ಟು ದಾರಿಯಾಗಿತ್ತು. ಅವರ ಗಂಡ ದುಬೈಯಲ್ಲಿ. ಐದು ಮಕ್ಕಳನ್ನು ಒಬ್ಬರೇ ಸಾಕಿದ ಹೆಂಗಸು. ಮನೆಯಲ್ಲಿ ಇಲ್ಲಿಯ ಮುಸಲ್ಮಾನರ ನವಾಯತಿ ಭಾಷೆ ಮಾತಾಡುವ ಅವರಿಗೆ ಕನ್ನಡದಲ್ಲಿ 'ನೀವು' ಎಂಬುದೇ ಇರಲಿಲ್ಲ. ಎಲ್ಲರೂ 'ನೀನು'. ಅತ್ತೆಗೆ ಅದು ಸರಿಬರುತ್ತಿರಲಿಲ್ಲ. "ನಾಳೆ ಕಲೆಕ್ಟರ್ ಬಂದ್ರೂ ಅದು 'ಏ, ನೀನು ಕೂತ್ಕ' ಅಂತದೆ ನೋಡು" ಎಂದು ಗೊಣಗುತ್ತಿದ್ದರು.

ನನಗೆ ಎರಡು ಸಲ ಬಸಿರು ನಿಂತಿತ್ತು. ಎರಡು ಸಲವೂ ಮೂರನೆಯ ತಿಂಗಳಲ್ಲಿ ಹೋಯಿತು. ಎರಡನೆಯದು ಹೋದ ಮೇಲೆ ಮುಖದ ತುಂಬ ಮೊಡವೆ ಎದ್ದವು. ಹರೆಯದಲ್ಲಿ ಬರುವ ಒಂದೋ ಎರಡೋ ಅಲ್ಲ. ಕೆನ್ನೆ, ಗದ್ದ, ದವಡೆಯ ಕೆಳಗೆಲ್ಲ ಗಟ್ಟಿಗಟ್ಟಿ ಗಂಟು, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಅರಿಶಿನ, ಗಂಧ, ಲೋಳೆಸರ ಎಲ್ಲ ಆಯಿತು. ಕನ್ನಡಿ ನೋಡುವುದನ್ನೇ ಬಿಟ್ಟೆ. ಕುಂಕುಮವನ್ನು ಅಂದಾಜಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ. "ಬರಬೇಕಾದ್ದು ಹೊಟ್ಟೆಯಲ್ಲಿ ನಿಲ್ಲೂದಿಲ್ಲ, ಬರಬಾರದ್ದು ಮೋರೆ ಮೇಲೆ ಬತ್ತದೆ" ಎಂದು ಅತ್ತೆ ಒಂದು ದಿನ ಅಂದರು. ಅವರಿಗೂ ಬೇಜಾರು, ಹಾಗಾಗಿ ಬಾಯಿಂದ ಬಂತು. ಆದರೆ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಹಾಜಿರಕ್ಕ ಗೋಡೆಯ ಸಂದಿಯಿಂದ ನೋಡಿದರು. ಹಿಂದಿನ ವರ್ಷ ಅವರು ಗಂಡನ ಹತ್ತಿರ ಆರು ತಿಂಗಳು ದುಬೈಗೆ ಹೋಗಿದ್ದರು. ಅಲ್ಲಿಯ ನೀರಿಗೋ ಸೆಕೆಗೋ ಅವರ ಮುಖದಲ್ಲೂ ಹೀಗೇ ಎದ್ದಿದ್ದವಂತೆ. ಡಾಕ್ಟರು ಬರೆದುಕೊಟ್ಟ ಕ್ರೀಮಿನಿಂದ ಗುಣವಾಯಿತು. ಎರಡು ಟ್ಯೂಬು ಉಳಿದಿತ್ತು. ಒಂದನ್ನು ತಂದು ನನ್ನ ಕೈಯಲ್ಲಿಟ್ಟರು.

"ಇದು ನಿಮಗೆ ಕೊಟ್ಟ ಮದ್ದಲ್ವಾ? ನಂಗೆ ಆಗ್ತದ್ಯಾ?"

"ಮೋರೆ ಮೋರೆಯೇ ಅಲ್ವಾ ಮಾರಾಯ್ತಿ! ತಡಿ, ಚೀಟಿ ಓದ್ತೆ."

ಡಬ್ಬಿಯೊಳಗಿನ ಚೀಟಿಯನ್ನು ಬಿಡಿಸಿದರು. ಅದರ ಒಂದು ಬದಿ ಅರಬ್ಬಿ. ಕೈ ತೊಳೆದು ಬಂದರು, ಸೆರಗು ಹೊದ್ದರು, ಒಗೆಯುವ ಕಲ್ಲಿನ ಮೇಲೆ ಕೂತು ಮೇಲಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ ರಾಗವಾಗಿ ಓದಿದರು. ನಾನು ಸೆರಗಿನ ತುದಿ ಹಿಡಿದು ನಿಂತು ಕೇಳಿದೆ. ಇಷ್ಟು ಚಂದ ಕೇಳಿಸುವ ಚೀಟಿಯಲ್ಲಿ ಕೆಟ್ಟದ್ದು ಏನಿದ್ದೀತು ಅನ್ನಿಸಿತು. ಚೀಟಿಯ ಇನ್ನೊಂದು ಬದಿ ಇಂಗ್ಲಿಷ್ ಇತ್ತು. ಅದು ನಮ್ಮಿಬ್ಬರದೂ ಅಲ್ಲವೆಂದು ಯಾರೂ ತಿರುಗಿಸಲಿಲ್ಲ.

ಮೊದಲ ಎರಡು ವಾರ ನರಕ. ಉರಿ. ಮೂಗಿನ ಪಕ್ಕ, ಬಾಯಿಯ ಸುತ್ತ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗಿತು. ಬಿಸಿಲಿಗೆ ಹೋದರೆ ಕೆನ್ನೆ ಕೆಂಡ. ಹೆದರಿ ಹಾಜಿರಕ್ಕನಿಗೆ ತೋರಿಸಿದೆ.

"ಎಷ್ಟು ಹಚ್ಚಿದೆ?"

ತೋರಿಸಿದೆ.

"ಅಯ್ಯೋ ದೇವರೇ! ಒಂದು ಬಟಾಣಿಯಷ್ಟು ಸಾಕು ಮುಖಕ್ಕೆಲ್ಲ. ನೀನು ದೋಸೆಗೆ ತುಪ್ಪ ಸವರಿದ ಹಾಗೆ ಸವರಿದ್ಯಾ? ಎರಡು ದಿನ ಬಿಡು. ಆಮೇಲೆ ಮಲಗುವ ಮೊದಲು ಒಂದೇ ಬಟಾಣಿ."

ಅವರ ಮಾತು ಕೇಳಿದೆ. ಮೂರನೆಯ ತಿಂಗಳಿಗೆ ಗಂಟುಗಳು ಕರಗಿದವು. ಒಂದು ದಿನ ಕನ್ನಡಿ ನೋಡಿಕೊಂಡೇ ಕುಂಕುಮವಿಟ್ಟೆ. ದೇವರು ದೊಡ್ಡವನು ಅಂದುಕೊಂಡೆ.

ಅದೇ ಹೊತ್ತಿಗೆ ಮುಟ್ಟು ನಿಂತಿತ್ತು. ಎರಡು ಸಲ ಹೋದ ಮೇಲೆ ತಿಂಗಳು ಹಿಂದುಮುಂದಾಗುವುದು ರೂಢಿಯಾಗಿತ್ತು. ಲೆಕ್ಕ ಹಾಕಲೂ ನನಗೆ ಹೆದರಿಕೆ. ಸಂಶಯ ಬಂದಾಗ ಎರಡು ತಿಂಗಳು ತುಂಬಿಯಾಗಿತ್ತು. ಮನೆಯವರಿಗೆ ಹೇಳಿದೆ. ಅವರು ನಕ್ಕರು, ಕಪಾಟಿನ ಹತ್ತಿರ ನಿಂತಿದ್ದವರು ಸುಮ್ಮನೆ ಆ ಟ್ಯೂಬಿನ ಡಬ್ಬಿ ಕೈಗೆತ್ತಿಕೊಂಡರು, ಚೀಟಿ ಬಿಡಿಸಿದರು. ಪಿಯುಸಿ ಓದಿದವರು. ಇಂಗ್ಲಿಷಿನ ಬದಿಯನ್ನು ಮೆಲ್ಲಗೆ ಓದುತ್ತ ಹೋದ ಹಾಗೆ ಅವರ ನಗೆ ಹೋಯಿತು.

"ಸುಮಿತ್ರಾ, ಇದನ್ನ ಬಸುರಿಯರು ಹಚ್ಚಬಾರದು ಅಂತ ಬರೆದದೆ."

ಹಿಂದಿನ ದಿನವೂ ಹಚ್ಚಿದ್ದೆ.

ಭಟ್ಕಳದಲ್ಲಿ ತೋರಿಸಿದರೆ ಅತ್ತೆಗೆ ಗೊತ್ತಾದೀತೆಂದು ತವರಿನ ನೆಪ ಹೇಳಿ ಕುಮಟೆಗೆ ಹೋಗಿ ಹೆರಿಗೆ ಡಾಕ್ಟರಮ್ಮನನ್ನು ಕಂಡೆವು. ಅವರು ಚೀಟಿಯನ್ನು ಪೂರ್ತಿ ಓದಿದರು.

"ಇದೇ ಜಾತಿಯ ಗುಳಿಗೆ ಬರ್ತದೆ. ಅದನ್ನ ನುಂಗಿದ್ರೆ ನಾನೂ ಹೆದರ್ತಿದ್ದೆ. ಮೇಲೆ ಹಚ್ಚಿದ್ದು ಒಳಗೆ ಹೋಗೂದು ತೀರ ಕಡಿಮೆ. ಇವತ್ತಿಂದ ಮುಟ್ಟಬೇಡಿ. ಹೆಚ್ಚಾಗಿ ಎಂತದೂ ಆಗೂದಿಲ್ಲ."

"ಹೆಚ್ಚಾಗಿ ಅಂದ್ರೆ ಡಾಕ್ಟ್ರೇ?"

"ಅಂದ್ರೆ, ಮನುಷ್ಯರು ಹೇಳೂಕೆ ಆಗುವಷ್ಟು" ಎಂದು ನನ್ನ ಕೈ ತಟ್ಟಿದರು.

ಅವರು ಧೈರ್ಯವನ್ನೇ ಹೇಳಿದ್ದರು. ನನ್ನ ಕಿವಿಗೆ ಮಾತ್ರ 'ಹೆಚ್ಚಾಗಿ' ಅನ್ನುವುದಷ್ಟೇ ಅಂಟಿಕೊಂಡಿತು. ವಾಪಸು ಬರುವಾಗ ಹೊನ್ನಾವರದಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಕೆಳಗೆ ಒಬ್ಬ ತಾಯಿ, ಕಂಕುಳಲ್ಲಿ ತುಟಿ ಸೀಳಿದ ಮಗು. ನಾನು ಮುಖ ತಿರುಗಿಸಿಬಿಟ್ಟೆ. ತಿರುಗಿಸಿದ್ದಕ್ಕೇ ದೇವರು ಸಿಟ್ಟಾದರೆ ಎಂದು ಮತ್ತೆ ಆ ಕಡೆ ನೋಡಿದೆ. ಮಗು ನಗುತ್ತಿತ್ತು. ಶರಾವತಿ ಸೇತುವೆ ದಾಟುವಾಗ ಇಡಗುಂಜಿ ಗಣಪತಿಗೆ ಹರಕೆ ಹೇಳಿಕೊಂಡೆ. ಬೆರಳು, ಕಿವಿ, ಕಣ್ಣು, ಅಂಗುಳ ಎಂದು ಒಂದೊಂದನ್ನೇ ಹೆಸರು ಹಿಡಿದು ಬೇಡಿದೆ. ಯಾವುದಾದರೂ ಬಿಟ್ಟುಹೋದೀತೆಂದು ಮತ್ತೆ ಮೊದಲಿನಿಂದ.

ಹಾಜಿರಕ್ಕನ ಮುಖ ನೋಡಲಾರದೆ ಹೋದೆ. ಅವರ ಮೇಲೆ ಸಿಟ್ಟೋ, ಅವರಿಗೆ ಗೊತ್ತಾದರೆ ಎಂಬ ಹೆದರಿಕೆಯೋ ಈಗಲೂ ಹೇಳಲಾರೆ. ಬಸುರಿ ಎಂದು ತಿಳಿದು ಅವರು ತೆಂಗಿನಹಾಲಿನ ಪಾಯಸ ಕಳಿಸಿದರು. ನಮ್ಮಲ್ಲಿ ಯಾರೂ ಪಾತ್ರೆಯನ್ನು ಬರಿದಾಗಿ ಹಿಂದೆ ಕೊಟ್ಟವರಲ್ಲ. ಎರಡು ನುಗ್ಗೆಕಾಯಿಯಾದರೂ ಇರಬೇಕು. ಅಂದು ನಾನು ತೊಳೆದ ಪಾತ್ರೆಯನ್ನು ಬರಿದೇ ಗೋಡೆಯ ಮೇಲಿಟ್ಟು ಬಂದೆ.

ಸ್ವಲ್ಪ ಹೊತ್ತಿಗೆ ಹಾಜಿರಕ್ಕ ಆ ಪಾತ್ರೆ ಹಿಡಿದುಕೊಂಡೇ ಸಂದಿಯಿಂದ ನುಸುಳಿ ಬಂದರು.

"ಎಂತ ತಪ್ಪು ಮಾಡಿದೆ ನಾನು? ಹೇಳಿಬಿಡು."

ಹೇಳಿದೆ. ಅವರು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

"ಆ ದುಬೈ ಡಾಕ್ಟರು ಮದ್ದು ಬರೆಯೂಕೆ ಮೊದಲು ಎಂತದೋ ಕೇಳಿದ್ದ ಸುಮಿ, ಬಸುರಿಯಾ ಅಂತಲೇ ಇರಬೇಕು. ನಮ್ಮನೆಯವರು 'ನೋ, ನೋ' ಅಂದ್ರು. ಇಬ್ಬರೂ ನಕ್ಕರು. ಐದು ಮಕ್ಕಳ ತಾಯಿಗೆ ಇದೆಲ್ಲ ಎಂತಕೆ ಹೇಳೂದು ಅಂತ ಇವರು ನಂಗೆ ಹೇಳಲಿಲ್ಲ ಕಾಣ್ತದೆ. ನಾನೂ ಕೇಳಲಿಲ್ಲ. ಕೇಳಿದ್ರೆ ಆಗ್ತಿತ್ತು."

ಎದ್ದರು. ಮನೆಗೆ ಹೋಗುತ್ತಾರೆ ಅಂದುಕೊಂಡೆ. ಅವರು ನೇರವಾಗಿ ಅತ್ತೆಯ ಹತ್ತಿರ ನಡೆದರು. ಅತ್ತೆ ಜಗಲಿಯಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಕೀಸುತ್ತಿದ್ದರು. ಹೇಳಬೇಡಿ ಎಂದು ನಾನು ಕೈ ಹಿಡಿದೆ. ಬಿಡಿಸಿಕೊಂಡರು.

"ಅಮ್ಮಾ, ನೀನು ನನ್ನ ಬೈ. ಮೋರೆಗೆ ಹಚ್ಚೂಕೆ ಮದ್ದು ಕೊಟ್ಟದ್ದು ನಾನು. ಅದು ಬಸುರಿಗೆ ಆಗದ ಮದ್ದಂತೆ. ನಂಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ಇವಳಿಗೆ ಒಂದು ಮಾತು ಹೇಳಬೇಡ. ನನ್ನ ಬಾಗಿಲು ಇಲ್ಲೇ ಅದೆ. ಅಲ್ಲಿ ಬಂದು ಕೂಗು. ನಾಲ್ಕು ಜನ ಕೇಳುವ ಹಾಗೆ ಕೂಗು."

ಅತ್ತೆಯ ಕೈಯ ಕತ್ತಿ ನಿಂತಿತು. "ಎರಡು ಹೋದದ್ದು ಸಾಲಲಿಲ್ಲನಾ ನಿಂಗೆ? ಹೋಗು. ಇನ್ನು ಈ ಬದಿಗೆ ಬರಬೇಡ."

ಮರುದಿನ ಗೋಡೆಯ ಸಂದಿಗೆ ಕಲ್ಲು ಬಿತ್ತು. ಅತ್ತೆಯೇ ಒಂದೊಂದಾಗಿ ಹೊತ್ತು ತಂದು ಪೇರಿಸಿದರು. ನನಗೆ ಬೈಯಲಿಲ್ಲ. ಅದು ಹಾಜಿರಕ್ಕ ಕೊಡಿಸಿದ ಕರುಣೆ ಎಂದು ನಾನು ಎಣಿಸಿಕೊಂಡಿದ್ದೇನೆ. ಆದರೆ ನಾನು ಎದ್ದಾಗ, ಕೂತಾಗ ಅತ್ತೆಯ ಕಣ್ಣು ನನ್ನ ಹೊಟ್ಟೆಯ ಮೇಲೇ ಇರುತ್ತಿತ್ತು. ಮೂರನೆಯ ತಿಂಗಳು ದಾಟಿತು. ಹಿಂದಿನ ಸಲ ಇಷ್ಟು ದೂರ ಬಂದಿರಲಿಲ್ಲ. ಸಂತೋಷಪಡಬೇಕಿತ್ತು. ಉಳಿದುಕೊಂಡಿತು, ಆದರೆ ಹೇಗೆ ಉಳಿದುಕೊಂಡಿತೋ ಎಂಬ ಚಿಂತೆ. ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ "ಕಾಣುವಷ್ಟು ಎಲ್ಲ ಸರಿ ಅದೆ" ಅಂದರು. ಕಾಣದ್ದು? ಮಗು ಒದ್ದರೆ, ಒಂದೇ ಕಾಲಿನಲ್ಲಿ ಒದೆಯುತ್ತಿದೆಯೇ ಎಂದು ಕೈಯಿಟ್ಟು ಕೂರುತ್ತಿದ್ದೆ.

ಗೋಡೆಯಾಚೆ ಹಾಜಿರಕ್ಕನ ಓದು ಬೆಳಿಗ್ಗೆ ಮೊದಲಿಗಿಂತ ಉದ್ದವಾಯಿತು. ಒಂದು ದಿನ ಓದು ಮುಗಿದ ಮೇಲೆ ಅವರು ತಮ್ಮ ಮಾತಿನಲ್ಲೇ ಬೇಡಿಕೊಳ್ಳುತ್ತಿದ್ದರು. ನಡುವೆ ಸ್ಪಷ್ಟವಾಗಿ 'ಸುಮಿ' ಅಂದದ್ದು ಕೇಳಿಸಿತು. ನನಗೆ ಧೈರ್ಯ ಬರಬೇಕಿತ್ತು, ಬರಲಿಲ್ಲ. ಅವರೂ ಇಷ್ಟು ಹೆದರಿದ್ದಾರೆಯೇ ಎಂದು ಇನ್ನಷ್ಟು ಹೆದರಿದೆ.

ಕುಮಟೆಯಲ್ಲಿ ಹೆರಿಗೆಯಾಯಿತು. ಅಳು ಕೇಳಿತು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. "ಕಣ್ಣು ಬಿಡಿ ಮಾರಾಯ್ರೆ, ಹೆಣ್ಣು ಮಗು. ಎಲ್ಲ ಇದ್ದಲ್ಲೇ ಅದೆ" ಎಂದು ಡಾಕ್ಟರಮ್ಮ ಗದರಿದ ಮೇಲೆ ಬಿಟ್ಟೆ. ಇತ್ತು. ಎಲ್ಲವೂ ಇತ್ತು. ಆದರೂ ಒಳಗೆ ಏನಾದರೂ ಕೊರತೆ ಇದ್ದೀತೆಂದು ಮಗುವನ್ನು ತೊಡೆಯಿಂದ ಇಳಿಸುತ್ತಿರಲಿಲ್ಲ.

ಹದಿನೈದನೆಯ ದಿನವೋ ಏನೋ, ತವರಿನ ಅಂಗಳದಲ್ಲಿ ಒಂದು ಕಪ್ಪು ಬುರ್ಖಾ ಬಂದು ನಿಂತಿತು. ಜತೆ ಇಲ್ಲದೆ ಭಟ್ಕಳದ ಪೇಟೆಗೂ ಹೋಗದ ಹಾಜಿರಕ್ಕ ಒಬ್ಬರೇ ನಮ್ಮವರ ಬಸ್ಸು ಹತ್ತಿ ಕುಮಟೆಗೆ ಬಂದಿದ್ದರು. ನನ್ನ ಅಮ್ಮನಿಗೆ "ನೀನು ತಾಯಿಯಾ? ನಾನು ಹಾಜಿರಾ" ಅಂದರು. ಕೈ ತೊಳೆದರು. ಮಗುವಿನ ಬಟ್ಟೆ ಬಿಚ್ಚಿದರು. ಕೈಬೆರಳು ಎಣಿಸಿದರು, ಕಾಲ್ಬೆರಳು ಎಣಿಸಿದರು, ಕಿವಿಯ ಹಿಂದೆ ನೋಡಿದರು, ಬೆರಳಿಂದ ಬಾಯಿ ತೆರೆದು ಅಂಗುಳ ನೋಡಿದರು, ಬೆನ್ನುಮೂಳೆಯ ಮೇಲಿಂದ ಕೆಳಕ್ಕೆ ಕೈಯಾಡಿಸಿದರು. ಕೊನೆಗೆ ಮಗುವಿನ ತಲೆಯ ಹತ್ತಿರ ಜೋರಾಗಿ ಒಂದು ಚಪ್ಪಾಳೆ ತಟ್ಟಿದರು. ಮಗು ಬೆಚ್ಚಿ ಕಿರುಚಿತು.

"ಕೇಳ್ತದೆ!" ಎಂದು ಅವರೂ ಕಿರುಚಿದರು. "ಕೇಳ್ತದೆ ಸುಮಿ, ಕೇಳ್ತದೆ!"

ಏಳು ತಿಂಗಳಿಂದ ನನ್ನ ಎದೆಯ ಮೇಲಿದ್ದದ್ದು ಆ ಚಪ್ಪಾಳೆಗೆ ಇಳಿಯಿತು. ನಾವಿಬ್ಬರೂ ಅಳುತ್ತಿದ್ದೆವು, ಮಗುವೂ ಅಳುತ್ತಿತ್ತು. ಅಮ್ಮ ಯಾರನ್ನು ಸಮಾಧಾನ ಮಾಡುವುದೆಂದು ತಿಳಿಯದೆ ಚಹಾ ಮಾಡಲು ಹೋದರು. ಹಾಜಿರಕ್ಕ ಚಹಾ ಕುಡಿದು, ಅದೇ ಬಸ್ಸು ಮರಳುವ ಹೊತ್ತಿಗೆ ಹೊರಟರು. "ನಿನ್ನ ಅತ್ತೆಗೆ ನಾನು ಬಂದದ್ದು ಹೇಳಬೇಡ, ಪಾಪ, ಅದರದ್ದೂ ಜೀವ ಹೋಗಿ ಬಂದದೆ" ಅಂದರು.

ಅದೇ ಕೊನೆ. ಐದು ತಿಂಗಳಿಗೆ ನಾನು ಭಟ್ಕಳಕ್ಕೆ ಮರಳುವಷ್ಟರಲ್ಲಿ ಹಾಜಿರಕ್ಕನ ಗಂಡ ಎಲ್ಲರನ್ನೂ ದುಬೈಗೆ ಕರೆಸಿಕೊಂಡಿದ್ದರು. ಅತ್ತೆ ಮಗುವನ್ನು ಎತ್ತಿಕೊಂಡು ಅವರ ಗೇಟಿನ ಹತ್ತಿರ ಒಂದೆರಡು ಸಲ ಸುಮ್ಮನೆ ಹೋಗಿ ಬಂದದ್ದನ್ನು ನೋಡಿದ್ದೇನೆ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ದಿನ ಹಾಜಿರಕ್ಕನ ಹಿರಿಯ ಮಗ ಮನೆ ಮಾರುವ ಕೆಲಸಕ್ಕೆ ಊರಿಗೆ ಬಂದ. ನಮ್ಮ ಜಗಲಿಗೂ ಬಂದು, ತಾಯಿ ಹಿಂದಿನ ವರ್ಷ ಅಲ್ಲೇ ತೀರಿಕೊಂಡರು, ಮಣ್ಣು ಮಾಡಿದ್ದೂ ಅಲ್ಲೇ ಎಂದು ಹೇಳಿದ. "ಕುಮಟೆಯ ಮಗು ಎಷ್ಟು ದೊಡ್ಡದಾಯ್ತೋ ಅಂತ ಅಮ್ಮ ಕೇಳ್ತಿದ್ಳು" ಅಂದ. ಮಗಳನ್ನು ಕರೆದು ತೋರಿಸಿದೆ.

ಅತ್ತೆ ಅಲ್ಲೇ ಕೂತು ಕೇಳುತ್ತಿದ್ದವರು ಎದ್ದರು. ಒಳಗೆ ಹೋಗಿ ಅವನಿಗೆ ತಾವೇ ಎಲೆ ಹಾಕಿ, ಪಕ್ಕದಲ್ಲಿ ಕೂತು ಬಡಿಸಿದರು. ತಾವು ಆ ದಿನ ಉಣ್ಣಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಅಂದರು.