ಹೊಸ ಸಾಫ್ಟ್‌ವೇರ್ ಬಂದ ದಿನ
ಲೆಕ್ಕವನ್ನು ತಾನೇ ಮಾಡಿಕೊಡುವ ಮ್ಯಾಕ್ರೋ ಓಡದಿರಬಹುದು, ಬಾರ್‌ಕೋಡ್ ಚೀಟಿ ಮುದ್ರಿಸುವ ಆಡ್-ಇನ್ ಕೈಕೊಡಬಹುದು, ಚೀಟಿಯಿಲ್ಲದೆ ಸಂಜೆಯ ಲಾರಿ ಖಾಲಿ ಹೋಗಿ ಆರ್ಡರೇ ತಪ್ಪಬಹುದು. ರಾಯದುರ್ಗದ ನಮ್ಮ ಜೀನ್ಸ್ ಗಾರ್ಮೆಂಟ್ಸ್‌ನಲ್ಲಿ ಆಫೀಸ್ ಸಾಫ್ಟ್‌ವೇರ್ ಬದಲಿಸುವ ಮುನ್ನ ನನ್ನನ್ನು ಕಾಡಿದ ಭಯಗಳಿವು.

"ಯಾಕ್ರಿ ಸುಮ್ನ ಹೆದರ್ತೀರಿ?" ಎಂದು ಮಾಲೀಕರು ನಕ್ಕರು. ಆದರೂ ಮೊದಲು ಒಂದೇ ಕಂಪ್ಯೂಟರಿಗೆ ಹೊಸದನ್ನು ಹಾಕಿ, ನಾನೇ ಬರೆದ ಮ್ಯಾಕ್ರೋಗಳನ್ನೆಲ್ಲ ಓಡಿಸಿ ನೋಡಿದೆ. ಅವು ಓಡಿದವು, ಆಡ್-ಇನ್ ಮಾತ್ರ ಏಳಲೇ ಇಲ್ಲ! ಅದರ ಹೊಸ ಆವೃತ್ತಿ ತರಿಸಿದ ಮೇಲೆಯೇ ಉಳಿದ ಕಂಪ್ಯೂಟರುಗಳನ್ನು ಮುಟ್ಟಲು ಬಿಟ್ಟೆ.

ಬದಲಿಸಿದ ದಿನ ಚೀಟಿಗಳು ಸರಸರನೆ ಬಂದವು, ಲಾರಿ ತುಂಬಿ ಹೊರಟಿತು. "ನಿಮ್ಮ ಪುಕ್ಕಲತನಕ್ಕ ಒಂದ್ ಹಾರ ಹಾಕ್ಬೇಕ್ ನೋಡ್ರಿ ಸಾರ್," ಎಂದರು ಪ್ಯಾಕಿಂಗಿನ ನಾಗರತ್ನಮ್ಮ. ಎದೆ ಉಬ್ಬಿತು.

ಕೆಟ್ಟದ್ದು ಒಂದೇ. ಬೆಳಿಗ್ಗೆ ಪೂಜೆ ಮಾಡುವಾಗ ಯಾವುದಕ್ಕೂ ಇರಲೆಂದು ಮೌಸಿನ ಅಡಿಗೂ ಕುಂಕುಮ ಹಚ್ಚಿದ್ದೆ. ಒರೆಸುವವರೆಗೆ ಪರದೆಯ ಮೇಲಿನ ಬಾಣ ಕದಲಲೇ ಇಲ್ಲ.