ಕೌದಿಯ ಮೂಲೆಯ ಗಂಟು

ನನಗೆ ಸೂಜಿ ಹಿಡಿಯಲು ಬರುತ್ತದೆ ಎಂದು ಅರವತ್ತು ವರ್ಷ ನಂಬಿಕೊಂಡಿದ್ದೆ. ಈ ನಂಬಿಕೆಗೆ ದಾಖಲೆಯೂ ಇದೆ. ಕಾನ್ವೆಂಟಿನಲ್ಲಿ ನೀಡಲ್‌ವರ್ಕಿಗೆಂದು ಕೊಟ್ಟ ಸರ್ಟಿಫಿಕೇಟು ಹುಮನಾಬಾದಿನ ನಮ್ಮ ಮನೆಯ ಗೋಡೆಯಲ್ಲಿ, ಗಡಿಯಾರದ ಪಕ್ಕ, ಇನ್ನೂ ತೂಗುತ್ತಿದೆ. ಗಡಿಯಾರ ನಿಂತು ಬಹಳ ದಿನವಾಯಿತು. ಸರ್ಟಿಫಿಕೇಟು ಮಾತ್ರ ಹೋದ ತಿಂಗಳವರೆಗೂ ನಡೆಯುತ್ತಿತ್ತು.

ಅದನ್ನು ನಿಲ್ಲಿಸಿದವಳು ನನ್ನ ತಮ್ಮನ ಮಗಳು ಶೋಭಾ. ರಾಜೇಶ್ವರದ ಆಚೆ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಟೀಚರು. ನಾಲ್ಕನೇ ಇಯತ್ತೆಯ ಮಕ್ಕಳಿಗೆ ಒಂದು ವಾರ ಪುಸ್ತಕ ಮುಚ್ಚಿಟ್ಟು ಎಲ್ಲವನ್ನೂ ಕೈಯಿಂದಲೇ ಕಲಿಸಬೇಕೆಂಬ ಹುಕಿ ಅವಳಿಗೆ ಬಂತು. “ಅತ್ತಿ, ನೀವು ಬಂದು ಹೊಲಿಗಿ ಕಲಸ್ರಿ. ಮಕ್ಳು ಕೂತು ಓದಾಕ ಒಂದು ಕೌದಿ ಮಾಡಸೋಣು” ಎಂದಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ಹೊಲಿಯುವ ಕೌದಿ ನಿಮಗೆ ಗೊತ್ತೇ ಇರುತ್ತದೆ. ನಾನು ಜನ್ಮದಲ್ಲಿ ಒಂದೂ ಹೊಲಿದವಳಲ್ಲ. ಆದರೆ ಹೆರಿಂಗ್‌ಬೋನ್ ಸ್ಟಿಚ್ ಬಲ್ಲವಳಿಗೆ ಕೌದಿ ಯಾವ ಲೆಕ್ಕ? ಯೆಸ್ ಎಂದುಬಿಟ್ಟೆ.

ಕೌದಿಗೂ ನನಗೂ ಒಂದು ಹಳೆಯ ತಕರಾರಿದೆ, ಅದನ್ನೂ ಹೇಳಿಬಿಡುತ್ತೇನೆ. ಎಂಟನೇ ವಯಸ್ಸಿಗೆ ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟಾಗ ಅವ್ವ ತಾನೇ ಹೊಲಿದ ಕೌದಿಯೊಂದನ್ನು ಟ್ರಂಕಿನ ಮೇಲೆ ಮಡಚಿ ಇಟ್ಟಿದ್ದಳು. ಉಳಿದ ಹುಡುಗಿಯರದು ಒಂದೇ ಬಣ್ಣದ ಉಣ್ಣೆಯ ಬ್ಲಾಂಕೆಟ್. ನನ್ನದು ಹದಿನಾರು ಬಣ್ಣದ ಸಂತೆ. ಮೇಲಾಗಿ ಅದರ ಒಂದು ಮೂಲೆಯಲ್ಲಿ ಏನೋ ಗಟ್ಟಿಯಾದ ಗಂಟು. ಇನ್‌ಸ್ಪೆಕ್ಷನ್ನಿಗೆ ಬಂದ ಸಿಸ್ಟರ್ ಅದನ್ನು ಎರಡು ಬೆರಳಿನಲ್ಲಿ ಹಿಸುಕಿ ನೋಡಿ, “ಕೇರ್‌ಲೆಸ್ ಫಿನಿಶಿಂಗ್” ಎಂದರು. ವಾರ ಕಳೆಯುವುದರೊಳಗೆ ಆ ಮೂಲೆಗೆ ಇರುವೆ ಹತ್ತಿದವು. ಡಾರ್ಮಿಟರಿಗೆ ಡಾರ್ಮಿಟರಿಯೇ ನಕ್ಕಿತು. ಮರುದಿನ ಕೌದಿಯನ್ನು ಸುತ್ತಿ ಗೇಟು ಕಾಯುವವನ ಹೆಂಡತಿಗೆ ಕೊಟ್ಟುಬಿಟ್ಟೆ. ರಜೆಗೆ ಮನೆಗೆ ಬಂದಾಗ ಅವ್ವ ಕೇಳಿದಳು, “ಕೌದಿ ಬೆಚ್ಚಗ ಅದ ಏನವಾ?” ನಾನು “ಹೂಂ” ಎಂದೆ. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಚಿಕ್ಕದಾಗಿ ನಾನು ಮತ್ತೆಂದೂ ಹೇಳಿಲ್ಲ.

ಅವ್ವ ಹೋಗಿ ಮೂವತ್ತು ವರ್ಷ. ಅವಳದೆಂದು ನನ್ನ ಬಳಿ ಉಳಿದದ್ದು ಒಂದೇ ಇಳಕಲ್ ಸೀರೆ, ಕಪ್ಪು ಮೈ, ಕೆಂಪು ಸೆರಗು. ಮಕ್ಕಳ ಕೌದಿಯ ಮೇಲ್ಪದರಕ್ಕೆ ಅದನ್ನೇ ಕೊಡಬೇಕೆಂದು ನಿಶ್ಚಯಿಸಿದೆ. ತಪ್ಪೊಪ್ಪಿಗೆ ಎಂದರೆ ತೀರ ಕ್ಯಾಥೊಲಿಕ್ ಆಗುತ್ತದೆ. ವಾಪಸು ಕೊಡುವುದು ಎನ್ನೋಣ. ಕೆಟ್ಟರೆ ಇನ್ನೊಂದಿಲ್ಲ ಎಂಬುದು ಗೊತ್ತಿತ್ತು. ಸರ್ಟಿಫಿಕೇಟಿನ ಧೈರ್ಯ.

ಸೋಮವಾರ ಕಲ್ಯಾಣದ ಬಸ್ಸು ಹಿಡಿದು ಆ ಹಳ್ಳಿಯಲ್ಲಿ ಇಳಿದು ಶಾಲೆಗೆ ಬಂದಾಗ ಮಕ್ಕಳು ಗೇಣು ಹಾಕಿ ಟೇಬಲ್ ಅಳೆಯುತ್ತಿದ್ದರು. ಒಬ್ಬನಿಗೆ ಏಳು ಗೇಣು, ಇನ್ನೊಬ್ಬಳಿಗೆ ಒಂಬತ್ತು. ಯಾರು ಮೋಸ ಮಾಡಿದರೆಂದು ದೊಡ್ಡ ಜಗಳ. ರೇಣುಕಾ ಎಂಬ ಎರಡು ಜಡೆಯ ಹುಡುಗಿ ಎರಡು ಕೈಗಳನ್ನೂ ಜೋಡಿಸಿ ನೋಡಿ, “ಟೇಬಲ್ ಅಷ್ಟೇ ಅದ, ನಮ್ಮ ಕೈನೇ ಬ್ಯಾರೆ ಬ್ಯಾರೆ ಅವ” ಎಂದು ತೀರ್ಪು ಕೊಟ್ಟಳು. ನಾವು ಓದುವಾಗ ಸಿಸ್ಟರ್ ಕೈಯಲ್ಲಿದ್ದ ಫುಟ್‌ರೂಲರ್ ನೆನಪಾಯಿತು. ಅದು ಎಲ್ಲರ ಕೈಯನ್ನೂ ಒಂದೇ ಸಮ ಅಳೆಯುತ್ತಿತ್ತು, ಹೆಚ್ಚಾಗಿ ಗೆಣ್ಣಿನ ಮೇಲೆ. ಮಂಗಳವಾರ ಮಣ್ಣು ಕಲಸಿ ಅಂಕಿ ಮಾಡಿದರು. ಎಂಟು ಮಾಡುವುದು ಸುಲಭ, ನಾಲ್ಕು ನಿಲ್ಲುವುದಿಲ್ಲ ಎಂಬುದು ನನಗೂ ಹೊಸ ವಿಷಯ. ಅಷ್ಟರಲ್ಲಿ ಅವರು ನನಗೊಂದು ಹುದ್ದೆಯನ್ನೂ ಕೊಟ್ಟಿದ್ದರು: ಆಯಿ ಟೀಚರ್. ಆಯಿ ಎಂದರೆ ನಮ್ಮ ಕಡೆ ಅಜ್ಜಿ.

ಬುಧವಾರ ನನ್ನ ಪಾಳಿ. ಎರಡು ಟೇಬಲ್ ಜೋಡಿಸಿ, ಪದರಗಳನ್ನು ಹಾಸಿ, ಅವ್ವನ ಸೀರೆಯ ಮೇಲೆ ಸ್ಕೇಲು ಇಟ್ಟು ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಸ್ಟ್ರೇಟ್ ಬ್ಯಾಕ್! ಕೆಲಸದ ಮೇಲೆ ಮೊಣಕೈ ಊರಬಾರದು, ಬಟ್ಟೆ ನೆಲಕ್ಕೆ ತಾಗಬಾರದು. ಮಕ್ಕಳು ಸುತ್ತ ನಿಂತು, ಬೆನ್ನು ನೆಟ್ಟಗೆ ಮಾಡಿ, ಪೊಲೀಸರ ಹಾಗೆ ಹೊಲಿದರು. ಒಂದೂ ಹೊಲಿಗೆ ಗೆರೆ ಬಿಟ್ಟು ಹೋಗಿರಲಿಲ್ಲ. ಗುರುವಾರ ಮಧ್ಯಾಹ್ನ ಎತ್ತಿ ಹಿಡಿದಾಗ ಮಾತ್ರ ರೇಣುಕಾ ಮೆಲ್ಲಗೆ, “ಆಯಿ ಟೀಚರ, ಇದು ಹಪ್ಪಳ ಆಗ್ಯದ್ರಿ” ಎಂದಳು.

ಆಗಿತ್ತು. ಕೆಳಗಿನ ಪದರಗಳೆಲ್ಲ ಒಂದೊಂದು ದಿಕ್ಕಿಗೆ ಜಾರಿ, ಮೇಲಿನ ಇಳಕಲ್ ಉಬ್ಬಿ, ಮುದುಡಿ, ಮಡಿಕೆಯ ಮೇಲೆ ಮಡಿಕೆ ಬಿದ್ದು ಹೊಲಿದುಹೋಗಿತ್ತು. ಹಳೆಯ ಬಟ್ಟೆ, ಬಿಚ್ಚಿದರೆ ಹರಿಯುತ್ತದೆ, ಬಿಟ್ಟರೆ ಹೀಗೇ ಇರುತ್ತದೆ. ಅದನ್ನು ಎತ್ತಿಕೊಂಡು ವರಾಂಡಕ್ಕೆ ಬಂದು ಕುಳಿತೆ. ಎರಡನೇ ಸಲವೂ ಅವ್ವನದನ್ನು ಕೈಯಾರೆ ಕಳೆದೆನಲ್ಲ ಎಂದು ಕಣ್ಣು ತುಂಬಿ ಬಂತು.

ಬಿಸಿಯೂಟದ ಅಡುಗೆ ಮಾಡುವ ಕಾಶಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು.

“ಟೇಬಲ್ ಮ್ಯಾಲ ಹೊಲದ್ರಿ ಏನ್ರಿ ಅಕ್ಕೋರ?”

“ಹೌದವ್ವ.”

“ಅಯ್ಯ, ಕೌದಿಗೇನು ಊಟಕ್ಕ ಬಡಸ್ತೀರಿ ಏನ್ರಿ, ಟೇಬಲ್ ಮ್ಯಾಲ ಇಡಾಕ? ನೆಲಕ್ಕ ಹಾಸಿ ಅದರ ಮ್ಯಾಲ ಕುಂಡರಬೇಕ್ರಿ. ನೀವು ಕುಂತ್ರ ಅದು ಕುಂಡರ್ತದ. ನೀವು ನಿಂತ್ರ ಅದು ಓಡ್ತದ.”

ಹೊಲಿಯುವವರ ಮೈಭಾರವೇ ಪದರಗಳನ್ನು ಹಿಡಿದು ನಿಲ್ಲಿಸುತ್ತದೆಯಂತೆ. ಇಷ್ಟು ಸಣ್ಣ ವಿಷಯ ನನ್ನ ಸರ್ಟಿಫಿಕೇಟಿನಲ್ಲಿ ಎಲ್ಲೂ ಇರಲಿಲ್ಲ. ನೂಲುವವರು, ಕಾಲ್ಜೋಡು ಹೊಲಿಯುವವರು, ದೋಣಿ ನಡೆಸುವವರು ಒಟ್ಟಿಗೆ ಕುಳಿತು ದೇವರ ವಿಷಯ ಮಾತಾಡಿದ ಕಲ್ಯಾಣ ಇಲ್ಲಿಂದ ಬಸ್ಸಿನ ದಾರಿ. ಅವರೂ ನೆಲದ ಮೇಲೆಯೇ ಕುಳಿತಿರಬೇಕು. ನಾನೊಬ್ಬಳೇ ಟೇಬಲ್ ಹುಡುಕಿದವಳು.

ಅಂದು ಸಂಜೆಯವರೆಗೆ ಮಕ್ಕಳು ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ನಡುವೆ ಒಂದು ಕಡೆ ಗೇಣುದ್ದ ಚರ್ರೆಂದು ಹರಿಯಿತು. ಎಲ್ಲರೂ ನನ್ನ ಮುಖ ನೋಡಿದರು. “ಹರೀಲಿ ಬಿಡ್ರಿ, ಹರಿದಿದ್ದಕ್ಕೇ ಅಲ್ಲೇನ್ರಿ ಕೌದಿ ಮಾಡೂದು” ಎಂದಳು ಕಾಶಮ್ಮ. ರೇಣುಕಾ ಮರುದಿನ ತನ್ನ ಹಳೆಯ ಯೂನಿಫಾರ್ಮಿನಿಂದ ನೀಲಿ ತುಂಡೊಂದನ್ನು ಕತ್ತರಿಸಿ ತಂದು ಹರಿದ ಜಾಗದ ಮೇಲಿಟ್ಟಳು. ಯಾರ ಗೇಣಿನಲ್ಲಿ ಅಳೆದಿದ್ದಳೋ, ಸರಿಯಾಗಿ ಕೂತಿತು.

ಶುಕ್ರವಾರ ನೆಲಕ್ಕೆ ಹಾಸಿ, ಅದರ ಮೇಲೆಯೇ ಕುಳಿತು, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಹೊಲಿದೆವು. ನನ್ನನ್ನು ಕೂರಿಸಲು ಇಬ್ಬರು ಮಕ್ಕಳು ಬೇಕಾದರು, ಎಬ್ಬಿಸಲು ನಾಲ್ವರು. ಹೊಲಿಗೆಗಳು ನೆಟ್ಟಗಿರಲಿಲ್ಲ, ಬಟ್ಟೆ ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು ಒಂದು ಮೂಲೆ ಮಾತ್ರ ಬಾಯಿ ತೆರೆದುಕೊಂಡಿತ್ತು. ‘ಕೇರ್‌ಲೆಸ್ ಫಿನಿಶಿಂಗ್’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಪುಣ್ಯಕ್ಕೆ ಅಷ್ಟರಲ್ಲಿ ಕಾಶಮ್ಮ ಮಡಿಲಿನಿಂದ ಒಣ ಜೋಳದ ರೊಟ್ಟಿಯ ತುಂಡೊಂದನ್ನು ತೆಗೆದು, ಆ ಮೂಲೆಯ ಪದರಗಳ ನಡುವೆ ತೂರಿಸಿದಳು.

“ಇದ್ಯಾಕ ಕಾಶಮ್ಮ?”

“ಕೌದಿ ಹಸ್ದಿರಬಾರದ್ರಿ ಅಕ್ಕೋರ. ಅದು ಉಂಡ್ರ, ಹೊತ್ಕೊಂಡವ್ರೂ ಉಂಡಂಗ.”

“ಎಲ್ಲಾ ಕೌದಿಗೂ ಇಡ್ತೀರೇನು?”

“ಒಮ್ಮೊಮ್ಮಿ ಮರೀತೀವ್ರಿ. ದೂರ ಹೋಗೂ ಮಗಳಿಗಂತ ಹೊಲದ್ರ ಮರೆಯಂಗಿಲ್ಲ. ಆಕಿ ಹಸ್ದು ಮಲಗಬಾರದಲ್ರಿ.”

ಆ ಮೂಲೆಯನ್ನು ಎರಡು ಬೆರಳಿನಲ್ಲಿ ಹಿಸುಕಿ ನೋಡಿದೆ. ಅದೇ ಗಂಟು. ಬಹಳ ಹೊತ್ತು ಕೈ ತೆಗೆಯಲಾಗಲಿಲ್ಲ. ಮಕ್ಕಳು ಆಯಿಗೆ ನಿದ್ದೆ ಬಂತೆಂದುಕೊಂಡರು. ರೇಣುಕಾ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು. ಕೊನೆಯ ಹೊಲಿಗೆ ನಾನೇ ಹಾಕಿದೆ. ಸೊಟ್ಟಗೇ ಬಂತು, ಸಿಸ್ಟರ್ ನೋಡಿದ್ದರೆ ಬಿಚ್ಚಿಸುತ್ತಿದ್ದರು.

ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿಲ್ಲ. ನಿಂತ ಗಡಿಯಾರಕ್ಕೆ ಒಂದು ಜೊತೆ ಬೇಕಲ್ಲ. ಮೊನ್ನೆ ಶೋಭಾ ಫೋನ್ ಮಾಡಿದಳು. “ಅತ್ತಿ, ನಿಮ್ಮ ಕೌದಿಯ ಮೂಲಿಗೆ ಇರುವಿ ಹತ್ಯಾವ್ರಿ. ಬಿಚ್ಚಿ ಆ ರೊಟ್ಟಿ ತೆಗೀಲೇನು?”

“ಬ್ಯಾಡವಾ, ಬರ್ಲಿ ಬಿಡು,” ಎಂದೆ. “ಉಂಡು ಹೋಗ್ಲಿ.”